ಸರಕು ವ್ಯಾನಿನ ಪ್ಲೈವುಡ್ ಹೊದಿಕೆಗೆ ತೇವದಿಂದ ರಕ್ಷಣೆ

(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)

ಬೆಳೆದ ಮಾಲನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಸಂತೆಗೆ ಹೋಗುತ್ತಿದ್ದ ಕಾಲ ಹಿಂದೆ ಸರಿದಿದೆ. 1984ರಲ್ಲಿ ಮಾರುತಿ ವ್ಯಾನು, 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದವು. ಅಂದಿನಿಂದ ಇಂತಹ ಸಣ್ಣ ಸರಕು ವಾಹನಗಳು ಹಳ್ಳಿ ಹಳ್ಳಿಯನ್ನೂ ತಲುಪಿವೆ. ಕೋಲಾರದ ಟೊಮೆಟೊ, ಚಿಕ್ಕಬಳ್ಳಾಪುರದ ಹೂವು, ಮಲೆನಾಡಿನ ಅಡಿಕೆ ಇವೆಲ್ಲ ಇಂದು ಇಂತಹ ವಾಹನಗಳಲ್ಲಿಯೇ ಪೇಟೆ ಸೇರುತ್ತವೆ. ಕೆಲವು ರೈತರು ಸ್ವಂತ ವ್ಯಾನು ಕೊಂಡಿದ್ದಾರೆ. ಕೆಲವೆಡೆ ನಾಲ್ಕಾರು ಮಂದಿ ಸೇರಿ ಒಂದನ್ನು ಇಟ್ಟುಕೊಂಡಿದ್ದಾರೆ.

ಮುಚ್ಚಿದ ವ್ಯಾನಿನ ಒಳಗೆ ನೆಲಕ್ಕೂ ಪಕ್ಕಗಳಿಗೂ ಪ್ಲೈವುಡ್ ಹೊದಿಸುವುದು ಈಗ ಸಾಮಾನ್ಯ ರೂಢಿ. ಕ್ರೇಟುಗಳು ತಾಗಿ ತಗಡು ನಗ್ಗುವುದನ್ನು ಈ ಹೊದಿಕೆ ತಪ್ಪಿಸುತ್ತದೆ. ತಗಡಿನ ಏಣುಗಳಿಗೆ ಸಿಕ್ಕಿ ಚೀಲ ಹರಿಯುವುದಿಲ್ಲ. ಬಿಸಿಲಿಗೆ ಕಾದ ತಗಡು ನೇರವಾಗಿ ಸೊಪ್ಪನ್ನು ಬಾಡಿಸುವುದೂ ಕಡಿಮೆಯಾಗುತ್ತದೆ. ಆದರೆ ಹೊದಿಕೆಯನ್ನು ಹಾಕಿಸಿದ ಮೇಲೆ ಅದರ ಕಡೆ ತಿರುಗಿ ನೋಡುವವರು ಕಡಿಮೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ಉಬ್ಬುತ್ತದೆ, ಪದರ ಬಿಡುತ್ತದೆ, ಬೂಷ್ಟಿನ ವಾಸನೆ ಏಳುತ್ತದೆ. ಹಲಗೆ ಕಿತ್ತು ನೋಡಿದರೆ ಕೆಳಗಿನ ತಗಡು ತುಕ್ಕು ಹಿಡಿದು ಜರಡಿಯಾಗಿರುತ್ತದೆ. ಸಾಲದ ಕಂತು ತೀರುವ ಮೊದಲೇ ವಾಹನದ ನೆಲ ಹೋದರೆ ಆಗುವ ನಷ್ಟ ಹಲಗೆಯ ಬೆಲೆಯಷ್ಟೇ ಅಲ್ಲ.

ಮಾಲಿಗೂ ಇದರಿಂದ ಕೇಡು ಉಂಟು. ಚೆನ್ನಾಗಿ ಒಣಗಿಸಿದ ಕಡಲೆಕಾಯಿ ಚೀಲವನ್ನು ಒದ್ದೆ ಹಲಗೆಯ ಮೇಲೆ ಇರಿಸಿದರೆ ತಳದ ಕಾಯಿ ತೇವ ಹೀರುತ್ತದೆ. ತೇವ ಹೀರಿದ ಕಡಲೆಕಾಯಿಯಲ್ಲಿ ಬೆಳೆಯುವ ಆಸ್ಪರ್ಜಿಲಸ್ ಎಂಬ ಬೂಷ್ಟು ಅಫ್ಲಾಟಾಕ್ಸಿನ್ ವಿಷವನ್ನು ಉಂಟುಮಾಡಬಲ್ಲದು. ಆದಕಾರಣ ವ್ಯಾನಿನ ಹಲಗೆಯನ್ನು ಒಣಗಿರುವಂತೆ ಕಾಪಾಡುವುದು ಉಗ್ರಾಣವನ್ನು ಒಣಗಿರುವಂತೆ ಕಾಪಾಡುವಷ್ಟೇ ಮುಖ್ಯ.

ತೇವ ಎಲ್ಲಿಂದ ಬರುತ್ತದೆ?

ಮೊದಲನೆಯದು ಹೊರಗಿನ ನೀರು. ಬಾಗಿಲಿನ ರಬ್ಬರು ಸವೆದಿದ್ದರೆ ಮಳೆನೀರು ಒಳಗೆ ಇಳಿಯುತ್ತದೆ. ಚಕ್ರದ ಮೇಲಿನ ತಗಡಿನಲ್ಲಿ ಸಣ್ಣ ತೂತಿದ್ದರೂ ರಸ್ತೆಯ ಕೆಸರುನೀರು ಒಳಕ್ಕೆ ಸಿಡಿಯುತ್ತದೆ.

ಎರಡನೆಯದು ಮಾಲಿನೊಡನೆ ಬರುವ ನೀರು. ತೊಳೆದ ಗಜ್ಜರಿ ಮತ್ತು ಮೂಲಂಗಿ, ನೀರು ಚಿಮುಕಿಸಿದ ಕೊತ್ತಂಬರಿ ಸೊಪ್ಪು, ಒದ್ದೆ ಗೋಣಿ ಸುತ್ತಿದ ಹೂವಿನ ಕುಕ್ಕೆ, ತುಳುಕುವ ಹಾಲಿನ ಕ್ಯಾನು ಇವೆಲ್ಲವೂ ನೆಲದ ಹಲಗೆಗೆ ನೀರುಣಿಸುತ್ತವೆ.

ಮೂರನೆಯದು ವ್ಯಾನು ತೊಳೆಯುವ ನೀರು. ಪೈಪು ಹಿಡಿದು ಒಳಗೆ ನೀರು ಹಾಯಿಸಿ, ಕೂಡಲೇ ಬಾಗಿಲು ಮುಚ್ಚಿಬಿಟ್ಟರೆ ಹಲಗೆಯಡಿ ಸೇರಿದ ನೀರು ದಿನಗಟ್ಟಲೆ ಅಲ್ಲಿಯೇ ನಿಲ್ಲುತ್ತದೆ.

ನಾಲ್ಕನೆಯದು ಕಣ್ಣಿಗೆ ಬೀಳದ ತೇವ. ಇದನ್ನು ತಿಳಿಯದವರೇ ಹೆಚ್ಚು. ಕಿತ್ತ ಮೇಲೂ ತರಕಾರಿ ಉಸಿರಾಡುತ್ತಿರುತ್ತದೆ ಮತ್ತು ಸತತವಾಗಿ ನೀರಾವಿಯನ್ನು ಹೊರಬಿಡುತ್ತದೆ. ತಣ್ಣೀರು ತುಂಬಿದ ಹಿತ್ತಾಳೆ ಚೊಂಬಿನ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದಾರೆ. ವ್ಯಾನಿನಲ್ಲಿಯೂ ನಡೆಯುವುದು ಅದೇ. ಒಂದು ಘನ ಮೀಟರ್ ಗಾಳಿ 30 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಸಂಜೆ ಮಾಲು ತುಂಬಿ, ಬಾಗಿಲು ಮುಚ್ಚಿ, ಬೆಳಗಿನ ಜಾವ ಹೊರಡಲೆಂದು ನಿಲ್ಲಿಸಿದ ವ್ಯಾನಿನಲ್ಲಿ ರಾತ್ರಿ ತಗಡು ತಣ್ಣಗಾಗುತ್ತದೆ. ಗಾಳಿ ಹಿಡಿದಿಡಲಾರದ ಆವಿ ಆ ತಗಡಿನ ಒಳಮೈ ಮೇಲೆ ಹನಿಯಾಗಿ ಕೂರುತ್ತದೆ. ತರಕಾರಿ ಮತ್ತೆ ಮತ್ತೆ ಆವಿ ಬಿಡುತ್ತಿರುವುದರಿಂದ ಇಡೀ ರಾತ್ರಿ ಹನಿ ಕಟ್ಟುತ್ತಲೇ ಇರುತ್ತದೆ. ಹೊದಿಕೆಯ ಹಿಂಬದಿಯಲ್ಲಿ ಇಳಿಯುವ ಈ ನೀರು ಯಾರ ಕಣ್ಣಿಗೂ ಬೀಳದೆ ಹಲಗೆಯ ಕೆಳ ಅಂಚನ್ನು ಸೇರುತ್ತದೆ. ಒಂದು ಹನಿ ಮಳೆ ಬೀಳದ ಮಾಗಿಯ ದಿನಗಳಲ್ಲಿಯೂ ಹಲಗೆ ಕೊಳೆಯಲು ಇದೇ ಕಾರಣ.

ಪ್ಲೈವುಡ್ ಕೆಡುವ ಬಗೆ

ಮರದ ತೆಳು ಹಾಳೆಗಳನ್ನು ಒಂದರ ನಾರು ಉದ್ದಕ್ಕೆ, ಮತ್ತೊಂದರದು ಅಡ್ಡಕ್ಕೆ ಬರುವಂತೆ ಅಂಟಿಸಿ ಒತ್ತಿದರೆ ಪ್ಲೈವುಡ್ ಆಗುತ್ತದೆ. ಮರದ ನಾರು ಸಣ್ಣ ಕೊಳವೆಯ ಕಟ್ಟಿನಂತೆ. ಹಲಗೆಯ ಮೈ ಮೇಲೆ ಬಿದ್ದ ನೀರು ನಿಧಾನವಾಗಿ ಒಳಗಿಳಿಯುತ್ತದೆ; ಕೊಯ್ದ ಅಂಚಿನಲ್ಲಿ ಕೊಳವೆಗಳ ಬಾಯಿ ತೆರೆದಿರುವುದರಿಂದ ನೀರು ಬೇಗ ಏರುತ್ತದೆ. ಆದುದರಿಂದಲೇ ಪ್ಲೈವುಡ್ ನಡುವಿನಲ್ಲಿ ಕೆಡುವ ಮೊದಲು ಅಂಚಿನಲ್ಲಿಯೂ ಮೊಳೆಯ ತೂತಿನ ಸುತ್ತಲೂ ಕೆಡುತ್ತದೆ.

ಒಣ ಮರಕ್ಕೆ ಹೋಲಿಸಿ ಹಲಗೆಯ ತೇವಾಂಶ ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಮರವನ್ನು ಕೊಳೆಯಿಸುವ ಶಿಲೀಂಧ್ರ ಬೆಳೆಯಲಾರದು. ಅದನ್ನು ಮೀರಿ ಬಹುಕಾಲ ನಿಂತರೆ ಕೊಳೆ ಪ್ರಾರಂಭವಾಗುತ್ತದೆ. ಒಮ್ಮೆ ನೆನೆದು ಬೇಗ ಒಣಗಿದ ಹಲಗೆಗೆ ಹೆಚ್ಚಿನ ಹಾನಿಯಿಲ್ಲ. ನೆನೆದು ಒಣಗಲು ಅವಕಾಶವಿಲ್ಲದ ಹಲಗೆಗೆ ಉಳಿವಿಲ್ಲ. ನೀರು ಬರುವುದನ್ನು ಪೂರ್ತಿ ತಡೆಯುವುದು ಯಾರಿಂದಲೂ ಆಗದು. ಬಂದ ನೀರು ಹೋಗುವುದಕ್ಕೆ ದಾರಿ ಇರಬೇಕು. ಮುಂದೆ ಹೇಳುವ ಎಲ್ಲ ಕ್ರಮಗಳ ತಿರುಳು ಇಷ್ಟೇ.

ಹಲಗೆಯ ಆಯ್ಕೆ

ಅಂಗಡಿಯಲ್ಲಿ ಎಂ.ಆರ್. ಎಂದು ಮಾರುವ ಪ್ಲೈವುಡ್ಡಿಗೆ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಬಳಸಿರುತ್ತಾರೆ. ಮನೆಯೊಳಗಿನ ಬೀರುವಿಗೆ ಇದು ಸಾಕು, ವ್ಯಾನಿಗೆ ಸಾಲದು. ಫೀನಾಲ್ ಫಾರ್ಮಾಲ್ಡಿಹೈಡ್ ಅಂಟಿನ, ಕುದಿನೀರನ್ನು ತಾಳುವ ಬಗೆಯನ್ನೇ ಕೇಳಿ ಕೊಳ್ಳಬೇಕು. ಇವುಗಳಲ್ಲಿ ಐ.ಎಸ್. 710 ಗುರುತಿನ ಮೆರೈನ್ ಪ್ಲೈವುಡ್ ಮೇಲ್ದರ್ಜೆಯದು. ಇದರ ಅಂಟನ್ನು 72 ಗಂಟೆ ಕುದಿಸಿ ಪರೀಕ್ಷಿಸುತ್ತಾರೆ. ಹಲಗೆಯ ಮೇಲೆ ಐ.ಎಸ್.ಐ. ಮುದ್ರೆ ಇದೆಯೇ ಎಂದು ನೋಡತಕ್ಕದ್ದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮೆರೈನ್ ಪ್ಲೈವುಡ್ ಹಾಕಿಸಿದರೆ ಮತ್ತೇನೂ ಬೇಕಿಲ್ಲ ಎಂದು ಹಲವರು ನಂಬುತ್ತಾರೆ. ಕುದಿನೀರನ್ನು ತಾಳುವುದು ಅದರ ಅಂಟು. ಹಾಳೆಗಳು ಮರವೇ ಆದುದರಿಂದ ನೀರು ಹೀರುತ್ತವೆ, ಉಬ್ಬುತ್ತವೆ. ಅಲ್ಲದೆ ಈ ಹಲಗೆಗೆ ಮರ ಸಂರಕ್ಷಕ ಔಷಧ ಉಣಿಸಿರುವುದರಿಂದ, ಬಣ್ಣ ಬಳಿಯದೆ ಅದರ ಮೇಲೆ ನೇರವಾಗಿ ಸೊಪ್ಪು, ಹಣ್ಣು ಇಡಬಾರದು. ಕೊಯ್ಯುವಾಗ ಬಡಗಿಯು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು.

ಸಣ್ಣ ವ್ಯಾನಿನ ನೆಲಕ್ಕೆ 12 ಮಿ.ಮೀ., ಪಕ್ಕಗಳಿಗೆ 6 ಮಿ.ಮೀ. ದಪ್ಪದ ಹಲಗೆ ಸಾಮಾನ್ಯವಾಗಿ ಸಾಕು. ಅನಾವಶ್ಯಕವಾಗಿ ದಪ್ಪ ಹಲಗೆ ಹಾಕಿದರೆ ಮಾಲು ಹೊರುವ ಶಕ್ತಿ ಅಷ್ಟು ಕಡಿಮೆಯಾಗುತ್ತದೆ. 8 ಅಡಿ ಉದ್ದ, 4 ಅಡಿ ಅಗಲದ 12 ಮಿ.ಮೀ. ಹಲಗೆಯೊಂದೇ 20 ಕಿಲೊಗ್ರಾಂಗಿಂತ ಹೆಚ್ಚು ತೂಗುತ್ತದೆ. ಅದು ನೀರು ಕುಡಿದರೆ ತೂಕ ಇನ್ನೂ ಏರುತ್ತದೆ.

ವ್ಯಾನಿನ ತಯಾರಿ

ಹಲಗೆ ಕೂಡಿಸುವ ಮೊದಲು ವ್ಯಾನು ಸೋರುತ್ತದೆಯೇ ಎಂದು ಪರೀಕ್ಷಿಸಬೇಕು. ಹಗಲಿನಲ್ಲಿ ಒಬ್ಬರು ಒಳಗೆ ಕುಳಿತು ಬಾಗಿಲು ಹಾಕಿಸಿಕೊಂಡರೆ ತೂತಿರುವ ಕಡೆ ಬೆಳಕು ಕಾಣುತ್ತದೆ. ಅನಂತರ ಹೊರಗಿನಿಂದ ಪೈಪಿನಲ್ಲಿ ನೀರು ಹಾಯಿಸಿದರೆ ಬಾಗಿಲಿನ ರಬ್ಬರು ಎಲ್ಲಿ ಸೋತಿದೆ ಎಂಬುದು ತಿಳಿಯುತ್ತದೆ. ತುಕ್ಕು ಇದ್ದ ಕಡೆ ತಂತಿಯ ಬ್ರಷ್ಷಿನಿಂದ ಉಜ್ಜಿ, ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಬಳಿದು, ಮೇಲೆ ಬಣ್ಣ ಕೊಡಬೇಕು. ತುಕ್ಕಿನ ಮೇಲೆ ಹಲಗೆ ಮುಚ್ಚಿದರೆ ತುಕ್ಕು ನಿಲ್ಲುವುದಿಲ್ಲ.

ನೆಲದ ತಗಡಿನಲ್ಲಿ ತಯಾರಕರೇ ಬಿಟ್ಟಿರುವ ನೀರು ಹೋಗುವ ಕಂಡಿಗಳಿದ್ದರೆ ಅವುಗಳಲ್ಲಿ ತುಂಬಿದ ಮಣ್ಣನ್ನು ಕಡ್ಡಿಯಿಂದ ತೆಗೆಯಬೇಕು. ಅವುಗಳನ್ನು ಎಂದಿಗೂ ಮುಚ್ಚಬಾರದು.

ಬಣ್ಣ ಬಳಿಯುವ ಕ್ರಮ

ಈ ಕೆಲಸಕ್ಕೆ ಮಾರ್ಚಿಯಿಂದ ಮೇ ತಿಂಗಳವರೆಗಿನ ಒಣ ಹವೆ ತಕ್ಕದ್ದು. ಕ್ರಮ ಹೀಗಿರಲಿ:

1. ಹಲಗೆಯನ್ನು ಅಳತೆಗೆ ಕೊಯ್ದು, ತಿರುಪು ಮೊಳೆಯ ತೂತುಗಳನ್ನೆಲ್ಲ ಮೊದಲೇ ಕೊರೆಯಬೇಕು. ಬಣ್ಣ ಬಳಿದ ಮೇಲೆ ಕೊಯ್ದ ಅಂಚು, ಕೊರೆದ ತೂತು ಎರಡೂ ನೀರಿಗೆ ಹೊಸ ಬಾಗಿಲು.

2. ಹಲಗೆಗಳನ್ನು ನೆರಳಿನಲ್ಲಿ, ಗಾಳಿಯಾಡುವಂತೆ ನಡುವೆ ರೀಪು ಇಟ್ಟು, ಎರಡು ಮೂರು ದಿನ ಒಣಗಿಸಬೇಕು. ಒಂದೇ ಮಗ್ಗುಲಿಗೆ ಬಿಸಿಲು ಬಿದ್ದರೆ ಹಲಗೆ ಬಾಗುತ್ತದೆ.

3. ಮರಳು ಕಾಗದದಿಂದ ಉಜ್ಜಿ, ಅಂಚಿನ ಚೂಪನ್ನು ಸ್ವಲ್ಪ ದುಂಡಾಗಿಸಬೇಕು. ಚೂಪಾದ ಮೂಲೆಯಲ್ಲಿ ಬಣ್ಣ ನಿಲ್ಲುವುದಿಲ್ಲ. ಅಂಚಿನ ಪದರಗಳ ನಡುವೆ ಸಂದು ಕಂಡರೆ ಮರದ ಪುಟ್ಟಿ ತುಂಬಬೇಕು.

4. ಮರದ ಪ್ರೈಮರನ್ನು ಡಬ್ಬಿಯ ಮೇಲೆ ತಿಳಿಸಿದ ಪ್ರಮಾಣದಲ್ಲಿ ತೆಳುಮಾಡಿ ಮೊದಲು ಅಂಚುಗಳಿಗೆ ಕೊಡಬೇಕು. ಅಂಚು ಬಣ್ಣವನ್ನು ಕುಡಿದುಬಿಡುತ್ತದೆ. ಕುಡಿಯುವುದು ನಿಲ್ಲುವ ತನಕ, ಸಾಮಾನ್ಯವಾಗಿ ಮೂರು ಸಲ, ಪ್ರತಿ ಸಲವೂ ಒಣಗಲು ಬಿಟ್ಟು ಬಳಿಯಬೇಕು. ತೂತಿನ ಒಳಮೈಗೂ ಸಣ್ಣ ಕುಂಚದಿಂದ ಬಳಿಯತಕ್ಕದ್ದು.

5. ಆಮೇಲೆ ಎರಡು ಮೈಗಳಿಗೂ ಸಮನಾಗಿ ಪ್ರೈಮರ್, ಅದರ ಮೇಲೆ ಹೊರಾಂಗಣದ ಎನಾಮಲ್ ಅಥವಾ ಪಾಲಿಯುರಿಥೇನ್ ಬಣ್ಣ ಎರಡು ಸಲ. ಖರ್ಚು ಮಾಡಬಲ್ಲವರು ಎರಡು ಭಾಗ ಬೆರೆಸುವ ಎಪಾಕ್ಸಿ ಬಳಸಬಹುದು. ತೇವ ತಡೆಯುವುದರಲ್ಲಿ ಅದು ಮೇಲು.

6. ಬಣ್ಣದ ವಾಸನೆ ಪೂರ್ತಿ ಹೋಗುವ ತನಕ, ಕಡೆಯ ಪಕ್ಷ ಒಂದು ವಾರ, ಆಹಾರ ಪದಾರ್ಥ ಹೇರಬಾರದು.

ಕಾಣುವ ಮೈಗೆ ಮಾತ್ರ ಬಣ್ಣ ಬಳಿದು ಹಿಂಬದಿಯನ್ನು ಹಾಗೆಯೇ ಬಿಡುವವರು ಬಹಳ. ಹನಿ ಕಟ್ಟುವುದು ಹಿಂಬದಿಯಲ್ಲಿಯೇ. ಅಲ್ಲಿ ಹಲಗೆ ನೀರು ಹೀರಿ ಹಿಗ್ಗುತ್ತದೆ, ಮುಂದಿನ ಮೈ ಹಿಗ್ಗುವುದಿಲ್ಲ. ಹೀಗಾಗಿ ಹಲಗೆ ಕಮಾನಿನಂತೆ ಬಾಗಿ ಮೊಳೆಗಳನ್ನು ಕೀಳುತ್ತದೆ.

ಬಣ್ಣದ ಬದಲು ಬೇಯಿಸಿದ ಅಗಸೆ ಎಣ್ಣೆ ಬಳಿಯುವುದೂ ಹಳೆಯ ಪದ್ಧತಿ. ಇದು ತೇವವನ್ನು ಸ್ವಲ್ಪಮಟ್ಟಿಗೆ ಮಾತ್ರ ತಡೆಯುತ್ತದೆ. ವರ್ಷ ವರ್ಷವೂ ಬಳಿಯಬೇಕಾಗುತ್ತದೆ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವುದುಂಟು. ಅಂತಹ ಬಟ್ಟೆಯನ್ನು ಬಯಲಿನಲ್ಲಿ ಬಿಡಿಸಿ ಹರಡಿ ಒಣಗಿಸಬೇಕು, ಇಲ್ಲವೆ ನೀರು ತುಂಬಿದ ಡಬ್ಬಿಯಲ್ಲಿ ಹಾಕಬೇಕು.

ಕೂಡಿಸುವ ಕ್ರಮ

ಪಕ್ಕದ ಹಲಗೆ ತಗಡಿಗೆ ಅಂಟಿಕೊಂಡಿರಬಾರದು. ಬಣ್ಣ ಬಳಿದ ರೀಪುಗಳನ್ನು ನಿಲುವಾಗಿ ಕೊಟ್ಟು, ಹಲಗೆಗೂ ತಗಡಿಗೂ ನಡುವೆ ಒಂದೆರಡು ಸೆಂಟಿಮೀಟರ್ ಸಂದು ಬಿಡಬೇಕು. ಹಲಗೆಯ ಮೇಲ್ತುದಿಯಲ್ಲಿಯೂ ಕೆಳತುದಿಯಲ್ಲಿಯೂ ಅಷ್ಟೇ ಸಂದು ಇದ್ದರೆ ಗಾಳಿ ಕೆಳಗಿನಿಂದ ಮೇಲಕ್ಕೆ ಆಡುತ್ತದೆ. ಕೆಳ ಅಂಚು ನೆಲವನ್ನು ಮುಟ್ಟದಿದ್ದರೆ ನಿಂತ ನೀರನ್ನು ಬತ್ತಿಯಂತೆ ಹೀರುವುದಿಲ್ಲ.

ನೆಲದ ತಗಡಿನಲ್ಲಿ ಉದ್ದಕ್ಕೂ ಏರು ತಗ್ಗುಗಳಿರುತ್ತವೆ. ಹಲಗೆ ಏರುಗಳ ಮೇಲೆ ಕೂರುತ್ತದೆ. ತಗ್ಗುಗಳು ನೀರು ಹರಿಯುವ ಕಾಲುವೆಗಳು. ಶಬ್ದ ತಗ್ಗಿಸಲೆಂದು ಅವುಗಳಲ್ಲಿ ಸ್ಪಂಜು ತುಂಬಿದರೆ ಅದು ನೀರು ಹಿಡಿದಿಟ್ಟುಕೊಂಡು ತಗಡನ್ನೂ ಹಲಗೆಯನ್ನೂ ತಿನ್ನಿಸುತ್ತದೆ. ನೆಲಕ್ಕೆ ರೀಪು ಕೊಡುವುದಾದರೆ ಹಿಂಬಾಗಿಲಿನ ಕಡೆಗೆ ಉದ್ದುದ್ದ ಕೊಡಬೇಕು. ಅಡ್ಡ ಕೊಟ್ಟರೆ ಹೊಲದ ಬದುವಿನಂತೆ ನೀರನ್ನು ಕಟ್ಟಿ ನಿಲ್ಲಿಸುತ್ತದೆ.

ನೆಲವನ್ನು ಒಂದೇ ಹಲಗೆಯಿಂದ ಮುಚ್ಚದೆ ಎರಡು ಮೂರು ತುಂಡು ಮಾಡಿ, ಒಬ್ಬರೇ ಬಿಚ್ಚಿ ಎತ್ತುವಂತೆ ಇರಿಸಿದರೆ ಒಣಗಿಸುವುದು ಸುಲಭ. ಹೊರಟಾಗ ಹಲಗೆ ಜರುಗದಂತೆ ಪ್ರತಿ ತುಂಡಿಗೂ ನಾಲ್ಕು ಕಡೆ ತಿರುಪು ಇರಲಿ. ತುಕ್ಕು ಹಿಡಿಯದ ಉಕ್ಕಿನ ತಿರುಪು ಮೊಳೆಯನ್ನೇ ಬಳಸಬೇಕು. ತಗಡಿನಲ್ಲಿ ಮೊದಲೇ ಇರುವ ತೂತುಗಳನ್ನು ಉಪಯೋಗಿಸುವುದು ಮೇಲು. ಹೊಸದಾಗಿ ಕೊರೆಯಲೇಬೇಕಾದರೆ ಕೆಳಗೆ ಇಂಧನದ ಟ್ಯಾಂಕು, ಬ್ರೇಕಿನ ನಳಿಕೆ, ವಿದ್ಯುತ್ ತಂತಿ ಇಲ್ಲವೆಂದು ವಾಹನದ ಕೆಳಗೆ ಇಣುಕಿ ಖಚಿತಪಡಿಸಿಕೊಳ್ಳಬೇಕು. ವಿದ್ಯುತ್ ವಾಹನ ಮತ್ತು ಗ್ಯಾಸಿನ ವಾಹನಗಳ ನೆಲವನ್ನು ಅಧಿಕೃತ ಮೆಕ್ಯಾನಿಕ್ಕನ್ನು ಕೇಳದೆ ಕೊರೆಯಲೇಬಾರದು. ಕೊರೆದ ತೂತಿನ ಅಂಚಿಗೆ ಪ್ರೈಮರ್ ಬಳಿದು, ತಿರುಪಿನ ಸುತ್ತ ಸಿಲಿಕೋನ್ ಹಚ್ಚಬೇಕು.

ಮಾಡಬಾರದ ಕೆಲಸಗಳು

ಸುಟ್ಟ ಎಂಜಿನ್ ಎಣ್ಣೆಯನ್ನು ಹಲಗೆಗೆ ಬಳಿಯುವುದು ಕೆಲವೆಡೆ ಕಂಡುಬರುತ್ತದೆ. ಅದು ಮಾಲಿಗೆ ಹತ್ತುತ್ತದೆ, ಮೈಗೆ ಒಳ್ಳೆಯದಲ್ಲ. ಮುಂದೆ ಅದರ ಮೇಲೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಕರಾವಳಿಯಲ್ಲಿ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿಯಿದೆ. ದೋಣಿಗೆ ಅದು ಸರಿ. ಆದರೆ ಚರ್ಮವನ್ನು ಸುಡುವ ಗುಣವಿರುವುದರಿಂದ ತಿನ್ನುವ ವಸ್ತು ಸಾಗಿಸುವ ವ್ಯಾನಿನ ಒಳಗೆ ಸಲ್ಲದು.

ಹಲಗೆಯ ಹಿಂದೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ನೀರು ಎರಡರ ನಡುವೆ ಸಿಕ್ಕಿಬೀಳುತ್ತದೆ. ನೆಲದ ಮೇಲೆ ರೆಕ್ಸಿನ್ ಅಥವಾ ರಬ್ಬರ್ ಹಾಸನ್ನು ಅಂಟಿಸಿಬಿಟ್ಟರೂ ಅದೇ ಗತಿ. ಹಾಸು ಬೇಕೆಂದರೆ ಬಿಡಿಯಾಗಿ ಹಾಸಿ, ಇಳಿಸಿದ ಮೇಲೆ ಸುತ್ತಿ ತೆಗೆಯಬೇಕು.

ರಸಗೊಬ್ಬರ ಸಾಗಿಸಿದ ಮೇಲೆ ಚೆಲ್ಲಿದ ಕಾಳುಗಳನ್ನು ಗುಡಿಸದೆ ಬಿಡಬಾರದು. ಯೂರಿಯಾ ಗಾಳಿಯ ತೇವವನ್ನು ಎಳೆದುಕೊಂಡು ಕರಗಿ ಹಲಗೆಯ ಸಂದಿಗೆ ಇಳಿಯುತ್ತದೆ. ಬಣ್ಣವಿಲ್ಲದ ಹಲಗೆಯ ಮೇಲೆ ಕೀಟನಾಶಕ ಚೆಲ್ಲಿದರೆ ಅದನ್ನು ತೊಳೆದು ತೆಗೆಯುವುದು ಅಸಾಧ್ಯ. ಅಂತಹ ಹಲಗೆಯನ್ನು ಬದಲಿಸಿದ ಹೊರತು ಆ ವ್ಯಾನಿನಲ್ಲಿ ಆಹಾರ ಪದಾರ್ಥ ಹೇರಬಾರದು.

ನಿತ್ಯದ ನಿಗಾ

ಮಾಲು ಇಳಿಸಿದ ಕೂಡಲೇ ಕಸ, ಎಲೆ ಗುಡಿಸಿ, ಒಣಬಟ್ಟೆಯಿಂದ ಒರೆಸಿ, ಎಲ್ಲ ಬಾಗಿಲು ತೆರೆದು ಒಂದೆರಡು ಗಂಟೆ ಗಾಳಿಗೆ ಬಿಡಬೇಕು. ತೊಳೆಯುವಾಗ ಹಿಂಬದಿ ತುಸು ಇಳಿಜಾರಿನಲ್ಲಿರುವಂತೆ ವಾಹನ ನಿಲ್ಲಿಸಿದರೆ ನೀರು ತಾನಾಗಿಯೇ ಹೊರಹೋಗುತ್ತದೆ. ಬ್ಲೀಚಿಂಗ್ ಪುಡಿ ಬಳಸಿದಲ್ಲಿ ತಿಳಿನೀರಿನಲ್ಲಿ ಮತ್ತೆ ತೊಳೆಯತಕ್ಕದ್ದು. ಅದು ತಗಡನ್ನು ತಿನ್ನುತ್ತದೆ. ಒದ್ದೆ ಮಾಲನ್ನು ನೀರು ಬಸಿದ ಮೇಲೆಯೇ, ಕ್ರೇಟುಗಳಲ್ಲಿ ತುಂಬಿ ಹೇರಬೇಕು. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ನೆಲದ ಹಲಗೆ ಎತ್ತಿ ಒಣಗಿಸಬೇಕು. ವರ್ಷಕ್ಕೊಮ್ಮೆ ಮುಂಗಾರಿನ ಮೊದಲು ಸವೆದ ಅಂಚುಗಳಿಗೆ ಬಣ್ಣ ಕೊಡಬೇಕು.

ಹಲಗೆ ಎಷ್ಟು ತೇವ ಹೀರಿದೆ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಅದೇ ಪ್ಲೈವುಡ್ಡಿನ ಬಣ್ಣ ಬಳಿಯದ ಒಂದು ತುಂಡನ್ನು ಬೇಸಿಗೆಯಲ್ಲಿ ಚೆನ್ನಾಗಿ ಒಣಗಿಸಿ, ತೂಗಿ, ತೂಕವನ್ನು ಅದರ ಮೇಲೆಯೇ ಬರೆದು ವ್ಯಾನಿನ ಒಳಗೆ ಹಲಗೆಯ ಹಿಂದೆ ಇಡಬೇಕು. 12 ಮಿ.ಮೀ. ಹಲಗೆಯಾದರೆ 25 ಸೆಂಟಿಮೀಟರ್ ಚದರದ ತುಂಡು ಸುಮಾರು 500 ಗ್ರಾಂ ತೂಗುತ್ತದೆ. ಬೇಸಿಗೆಯ ತೇವಾಂಶ ಶೇಕಡಾ 10 ಎಂದು ಹಿಡಿದರೆ ಅದರಲ್ಲಿ ಒಣ ಮರ ಸುಮಾರು 455 ಗ್ರಾಂ. ಮಳೆಗಾಲದಲ್ಲಿ ಅದೇ ತುಂಡು 545 ಗ್ರಾಂ ತೂಗಿದರೆ ತೇವಾಂಶ ಶೇಕಡಾ 20 ಮುಟ್ಟಿದೆ ಎಂದು ಅರ್ಥ. ಆಗ ಹೊದಿಕೆ ಬಿಚ್ಚಿ ಒಣಗಿಸಲು ತಡ ಮಾಡಬಾರದು. ಕಿರಾಣಿ ಅಂಗಡಿಯ ತಕ್ಕಡಿ ಈ ಕೆಲಸಕ್ಕೆ ಸಾಕು.

ಈಗಾಗಲೇ ಕೆಟ್ಟಿದ್ದರೆ

ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಒಂದೆಡೆ ಗಟ್ಟಿ, ಒಂದೆಡೆ ಬೊಳ್ಳು ಶಬ್ದ ಬಂದರೆ ಪದರ ಬಿಟ್ಟಿದೆ ಎಂದು ತಿಳಿಯಬೇಕು. ತಿರುಪುಳಿಯ ಮೊನೆ ಸುಲಭವಾಗಿ ಇಳಿದರೆ ಅಲ್ಲಿ ಕೊಳೆತಿದೆ. ಅಂಚು ಸ್ವಲ್ಪ ಉಬ್ಬಿದ್ದರೆ ಒಣಗಿಸಿ, ಉಜ್ಜಿ, ಮತ್ತೆ ಬಣ್ಣ ಕೊಡಬಹುದು. ಪದರ ಬಿಟ್ಟ ನೆಲದ ಹಲಗೆಯನ್ನು ಮೊಳೆ ಹೊಡೆದು ನಿಲ್ಲಿಸುವುದು ಅಪಾಯ. ಹೊರೆ ಬಿದ್ದಾಗ ಅದು ಮುರಿಯುತ್ತದೆ. ಹೊಸ ಹಲಗೆ ಹಾಕುವ ಮೊದಲು ನೀರು ಬಂದ ದಾರಿಯನ್ನು ಹುಡುಕಿ ಮುಚ್ಚದಿದ್ದರೆ ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಮಲ್ಪೆ, ಮಂಗಳೂರು, ಕಾರವಾರದ ಕಡೆ ಮೀನು ಸಾಗಿಸುವವರಿಗೆ ಒಂದು ಮಾತು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಮೀನಿನ ನೀರು ಬಿದ್ದ ಹಲಗೆ ಒಣಗುವುದೇ ಇಲ್ಲ. ಅಲ್ಲಿ ಬಣ್ಣ ಬಳಿದ ಪ್ಲೈವುಡ್ ಸಾಲದು. ಸೋರದ ಪೆಟ್ಟಿಗೆಗಳನ್ನು ಬಳಸಬೇಕು, ಅಥವಾ ಹಲಗೆಯ ಮೇಲೆ ಸಂದಿಲ್ಲದಂತೆ ಫೈಬರ್ ಹೊದಿಕೆ ಮಾಡಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಈ ವಿಷಯವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಪ್ರಾತ್ಯಕ್ಷಿಕೆಯಲ್ಲಿ ತೋರಿಸುವುದು ಸುಲಭ. ಒಂದೇ ಹಲಗೆಯಿಂದ ಒಂದೇ ಅಳತೆಯ ಮೂರು ತುಂಡು ಕೊಯ್ಯಬೇಕು. ಒಂದಕ್ಕೆ ಬಣ್ಣವೇ ಬೇಡ. ಇನ್ನೊಂದಕ್ಕೆ ಎರಡು ಮೈಗೆ ಮಾತ್ರ, ಮೂರನೆಯದಕ್ಕೆ ಮೈ ಮತ್ತು ಅಂಚು ಎರಡಕ್ಕೂ ಬಣ್ಣ ಬಳಿಯಬೇಕು. ಮೂರನ್ನೂ ತೂಗಿ, ಬಕೇಟಿನ ನೀರಿನಲ್ಲಿ 24 ಗಂಟೆ ಮುಳುಗಿಸಿ, ಒರೆಸಿ, ರೈತರ ಎದುರಿಗೇ ಮತ್ತೆ ತೂಗಬೇಕು. ಅಂಚಿನಿಂದ ಎಷ್ಟು ನೀರು ಒಳಗೆ ಹೋಗುತ್ತದೆ ಎಂಬುದನ್ನು ತಕ್ಕಡಿಯೇ ಹೇಳುತ್ತದೆ.

ರೈತ ಬಾಂಧವರೇ, ಬೆಳೆಗೆ ನೀರು ಕಟ್ಟುವುದು ಎಷ್ಟು ಮುಖ್ಯವೋ ಹೆಚ್ಚಾದ ನೀರನ್ನು ಬಸಿಗಾಲುವೆಯಲ್ಲಿ ಹೊರಗೆ ಬಿಡುವುದೂ ಅಷ್ಟೇ ಮುಖ್ಯ ಎಂಬುದು ಗದ್ದೆ ಮಾಡುವವರಿಗೆ ತಿಳಿದ ವಿಷಯ. ವ್ಯಾನಿನ ಹೊದಿಕೆಗೂ ಅದೇ ನ್ಯಾಯ. ಅಂಚಿಗೆ ಬಣ್ಣ, ಹಿಂದೆ ಸಂದು, ಕೆಳಗೆ ಕಂಡಿ, ದಿನವೂ ಗಾಳಿ: ಈ ನಾಲ್ಕನ್ನು ಪಾಲಿಸಿದಲ್ಲಿ ಹಲಗೆಯೂ ತಗಡೂ ಬಾಳಿಕೆ ಬರುತ್ತವೆ, ಹೇರಿದ ಮಾಲು ಕೆಡದೆ ಪೇಟೆ ಸೇರುತ್ತದೆ.